ನಶ್ವಾಳಿಗೆ ಕೊಟ್ಟ ಐದು ವರ್ಷ

ನಶ್ವಾ ನನ್ನ ದೊಡ್ಡಪ್ಪ ಅಬ್ದುಲ್ ತವ್ವಾಬನ ಮಗಳು. ಕೈರೋದಿಂದ ದೂರದ ನಮ್ಮ ಹಳ್ಳಿಯಲ್ಲಿ ನಮ್ಮೆರಡು ಮನೆಗಳಿಗೂ ಒಂದೇ ಅಂಗಳ, ರೊಟ್ಟಿ ಸುಡಲು ಒಂದೇ ಒಲೆ. ಪಟ್ಟಣದ ಕಂಪ್ಯೂಟರ್ ಕಾಲೇಜಿನಲ್ಲಿ ಅವಳು ತನ್ನ ವರ್ಷದ ಇನ್ನೂರ ಎಂಬತ್ತು ಮಂದಿಗೆ ಮೊದಲಿಗಳಾಗಿ ಪಾಸಾದಳು. ಮೊದಲು ಬಂದವರನ್ನು ವಿಶ್ವವಿದ್ಯಾಲಯವೇ ಕಿರಿಯ ಬೋಧಕರಾಗಿ ಇಟ್ಟುಕೊಳ್ಳುತ್ತದೆ, ಅವಳನ್ನೂ ಇಟ್ಟುಕೊಂಡಿತು. ಆದರೆ ಆ ಕೆಲಸದ ಜೊತೆಗೆ ಒಂದು ಗಡುವು ಬರುತ್ತದೆ. ಐದು ವರ್ಷದೊಳಗೆ ಸ್ನಾತಕೋತ್ತರ ಪದವಿ ಮುಗಿಸಬೇಕು. ಮುಗಿಸದಿದ್ದರೆ ಪಾಠ ಹೇಳುವ ಹಕ್ಕು ಹೋಗುತ್ತದೆ. ಕಚೇರಿಯ ಯಾವುದೋ ಮೇಜಿಗೆ ಗುಮಾಸ್ತೆಯಾಗಿ ಕಳಿಸುತ್ತಾರೆ. ಅಲ್ಲಿಗೆ ಹೋದವರು ಯಾರೂ ಮತ್ತೆ ತರಗತಿಗೆ ಬಂದದ್ದಿಲ್ಲ. ನಶ್ವಾಳ ಗಡುವು ಅಕ್ಟೋಬರ್ ಹದಿಮೂರಕ್ಕೆ ಮುಗಿಯುವುದಿತ್ತು.

ಅವಳು ಆರಿಸಿಕೊಂಡದ್ದು ಕೃತಕ ಬುದ್ಧಿಮತ್ತೆ. ಮಾರ್ಗದರ್ಶಕರು ಡಾ. ಬಹ್ಜತ್. ಮೊದಲ ಮೂರು ವರ್ಷ ಅವರು ಅವಳಿಂದ ಏನೇನು ಮಾಡಿಸಿದರು ಎಂಬುದನ್ನು ನಾನು ಅಂಗಳದಲ್ಲಿ ಕೂತು ನೋಡಿದ್ದೇನೆ. ಅವರ ಒಂಬೈನೂರು ಉತ್ತರಪತ್ರಿಕೆಗಳನ್ನು ಅವಳು ತಿದ್ದಿದಳು. ಅವರ ಬದಲು ಪಾಠ ಮಾಡಿದಳು. ವಾರಕ್ಕೆ ಎರಡು ದಿನ ಅವರ ಮಗನಿಗೆ ಗಣಿತ ಹೇಳಿಕೊಟ್ಟಳು. ಸಂಶೋಧನೆಯ ವಿಷಯವನ್ನು ಅವರು ಎರಡು ಸಲ ಬದಲಾಯಿಸಿದರು. ಎರಡನೆಯ ಸಲ, ಬರೆದು ಮುಗಿಸಿದ್ದ ಎಪ್ಪತ್ತು ಪುಟಗಳನ್ನು ಅವಳು ರೊಟ್ಟಿಯ ಒಲೆಗೆ ಹಾಕಿದಳು. ದೊಡ್ಡಮ್ಮ, ಅಂದರೆ ಅವಳ ತಾಯಿ, "ಒಂದೊಂದೇ ಹಾಕೇ, ಹಿಟ್ಟಿನ ಮೇಲೆ ಬೂದಿ ಹಾರುತ್ತೆ" ಎಂದಳು.

ಮೂರನೆಯ ವಿಷಯವನ್ನು ನಶ್ವಾಳೇ ಹುಡುಕಿದಳು. ಆ ಬೇಸಿಗೆಯಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಹಸುಗಳಿಗೆ ಚರ್ಮಗಂಟು ರೋಗ ಬಂದಿತ್ತು. ಮೈತುಂಬ ಗಂಟುಗಳು, ಜ್ವರ, ಹಾಲು ಬತ್ತುವುದು. ಪಶುವೈದ್ಯರು ಬರುವ ಹೊತ್ತಿಗೆ ಪಕ್ಕದ ಕೊಟ್ಟಿಗೆಗೂ ಹರಡಿರುತ್ತಿತ್ತು. ಫೋನಿನಲ್ಲಿ ಹಸುವಿನ ಫೋಟೋ ತೆಗೆದರೆ ರೋಗ ಇದೆಯೋ ಇಲ್ಲವೋ ಎಂದು ಯಂತ್ರವೇ ಹೇಳುವಂತೆ ಮಾಡಬೇಕು ಎಂಬುದು ಅವಳ ಯೋಚನೆ. ಶಾಲೆ ಬಿಟ್ಟ ನನಗೆ ಅವಳು ವಿವರಿಸಿದ್ದು ಹೀಗೆ: ರೋಗ ಎಂದರೆ ಏನೆಂದು ಯಂತ್ರಕ್ಕೆ ಯಾರೂ ಹೇಳಿಕೊಡುವುದಿಲ್ಲ. ಇದು ರೋಗದ ಹಸು, ಇದು ಆರೋಗ್ಯದ ಹಸು ಎಂದು ಹೆಸರು ಬರೆದ ಸಾವಿರಾರು ಫೋಟೋಗಳನ್ನು ತೋರಿಸುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಅದು ತಾನಾಗಿ ಕಂಡುಕೊಳ್ಳುತ್ತದೆ.

ಎರಡು ಬೇಸಿಗೆ ಅವಳು ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದಳು. ಕಾಲುವೆಯ ಆಚೆಯ ಏಳು ಹಳ್ಳಿಗಳಿಗೂ ಹೋದಳು. ಆಗ ಅವಳಿಗೆ ಇಪ್ಪತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ಪಕ್ಕದ ಮನೆಯ ನಬವಿಯ್ಯಾ ಬಾಗಿಲಲ್ಲಿ ಕೂತು ಪ್ರತಿದಿನ ಕೇಳುತ್ತಿದ್ದಳು.

"ಏನೇ ನಶ್ವಾ, ಇವತ್ತು ಯಾರ ಮನೆ ಹಸು ಫೋಟೋ? ಗಂಡು ನೋಡ್ತಿದ್ದೀಯೋ ಏನು?"

"ನಿಮ್ಮನೆ ಕೋಣ ಬಿಟ್ಟು ಎಲ್ಲಾ ನೋಡಾಯ್ತು ಅತ್ತೆ. ಅದಕ್ಕೆ ಮೀಸೆ ಇಲ್ಲ, ಬೇಡ ಅಂದೆ."

ಆಗ ನಶ್ವಾ ಹೀಗೆ ಮಾತಾಡುತ್ತಿದ್ದಳು.

ನಾಲ್ಕು ಸಾವಿರದ ಇನ್ನೂರು ಫೋಟೋ ಸೇರಿದವು. ಐದನೆಯ ವರ್ಷದ ಚಳಿಗಾಲದಲ್ಲಿ ಯಂತ್ರ ಕಲಿತು ಮುಗಿಸಿತು. ಅದಕ್ಕೆ ತೋರಿಸದೆ ಬೇರೆ ಇಟ್ಟಿದ್ದ ಫೋಟೋಗಳನ್ನು ಕೊಟ್ಟು ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತೆಂಟು ಸರಿ ಹೇಳಿತು. ಡಾ. ಬಹ್ಜತ್ ಮೊದಲ ಬಾರಿಗೆ ಅವಳನ್ನು ಕೂರಿಸಿ ಚಹಾ ತರಿಸಿದರು. ಒಂದು ತಿಂಗಳೊಳಗೆ ಹೊರದೇಶದ ಪತ್ರಿಕೆಗೆ ಲೇಖನ ಹೋಯಿತು. ಅದರಲ್ಲಿ ಅವರ ಹೆಸರು ಮೊದಲು, ಡೀನ್ ಹೆಸರು ಎರಡನೆಯದು, ನಶ್ವಾಳದು ಮೂರನೆಯದು. ಪದವಿಯ ಮೌಖಿಕ ಪರೀಕ್ಷೆ ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ನಿಗದಿಯಾಯಿತು. ಗಡುವಿಗೆ ಇನ್ನೂ ಹತ್ತೊಂಬತ್ತು ದಿನ ಉಳಿಯುತ್ತಿತ್ತು. ದೊಡ್ಡಮ್ಮ ಅಂದಿನಿಂದಲೇ ಬಾತುಕೋಳಿಗಳಿಗೆ ಜೋಳ ತಿನ್ನಿಸಿ ಕೊಬ್ಬಿಸತೊಡಗಿದಳು. ಪರೀಕ್ಷೆಯ ದಿನ ಪರೀಕ್ಷಕರಿಗೆ ಊಟ ಹಾಕುವುದು ವಿದ್ಯಾರ್ಥಿಯ ಮನೆಯವರೇ.

ಪರೀಕ್ಷೆಗೆ ಮೂರು ವಾರ ಇದ್ದಾಗ ನಶ್ವಾ ಪ್ರಬಂಧಕ್ಕೆ ಕೊನೆಯದಾಗಿ ನಾಲ್ಕು ಚಿತ್ರ ಸೇರಿಸಲು ಕೂತಳು. ಯಂತ್ರ ಫೋಟೋದ ಯಾವ ಭಾಗ ನೋಡಿ ತೀರ್ಮಾನ ಮಾಡಿತು ಎಂಬುದನ್ನು ಕೆಂಪು ಬಣ್ಣದಲ್ಲಿ ತೋರಿಸುವ ಒಂದು ವಿಧಾನ ಇದೆಯಂತೆ. ಗಂಟುಗಳ ಮೇಲೆ ಕೆಂಪು ಬಂದರೆ ಪುಟಕ್ಕೆ ಅಂದ ಎಂದುಕೊಂಡಳು. ಮೊದಲ ಹಸುವಿನ ಕೆಂಪು ಹಣೆಯ ಮೇಲೆ ಬಂತು. ಎರಡನೆಯದಕ್ಕೂ ಹಣೆಯ ಮೇಲೆ. ಇಪ್ಪತ್ತು ಹಸು ನೋಡಿದಳು. ಕುತ್ತಿಗೆ, ಬೆನ್ನು, ತೊಡೆಯಲ್ಲಿ ಗಂಟುಗಳು ಎದ್ದು ಕಾಣುತ್ತಿದ್ದವು. ಅಲ್ಲೆಲ್ಲೂ ಕೆಂಪು ಇರಲಿಲ್ಲ. ಎರಡು ಕೊಂಬಿನ ನಡುವೆ ಮಾತ್ರ ಒಂದು ನಾಣ್ಯದಷ್ಟು ಕೆಂಪು.

ಅಲ್ಲಿ ಇದ್ದದ್ದು ನೀಲಿ ಮಣಿ.

ನಮ್ಮಲ್ಲಿ ಹಸು ಮೇವು ಬಿಟ್ಟಿತು ಎಂದರೆ ಹೆಂಗಸರು ಮೊದಲು ಮಾಡುವ ಕೆಲಸ ದೃಷ್ಟಿಮಣಿ ಕಟ್ಟುವುದು. ಕೊಂಬಿನಿಂದ ಕೊಂಬಿಗೆ ದಾರ, ಮಧ್ಯೆ ನೀಲಿ ಮಣಿ. ವೈದ್ಯರಿಗೆ ಹೇಳುವುದು ಆಮೇಲೆ. ಹುಟ್ಟಿದಂದಿನಿಂದ ನೋಡಿದ್ದರಿಂದ ನಶ್ವಾಳಿಗೆ ಅದು ಹಸುವಿನ ಕಿವಿಯಂತೆ, ಬಾಲದಂತೆ. ಎರಡು ಬೇಸಿಗೆ ಫೋಟೋ ತೆಗೆದರೂ ಅದು ಅವಳ ಕಣ್ಣಿಗೆ ಬೀಳಲಿಲ್ಲ. ಯಂತ್ರ ಹಳ್ಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಮೊದಲು ಕಂಡದ್ದೇ ಅದು.

ಅವಳು ದೊಡ್ಡಮ್ಮನ ಪೆಟ್ಟಿಗೆಯಿಂದ ಮಣಿ ತೆಗೆದುಕೊಂಡು ಕೊಟ್ಟಿಗೆಗೆ ಓಡಿದಳು. ನಮ್ಮ ಹಸು ಗಟ್ಟಿಮುಟ್ಟಾಗಿತ್ತು. ಫೋನ್ ಹಿಡಿದಳು: ಆರೋಗ್ಯ. ಮಣಿ ಕಟ್ಟಿ ಹಿಡಿದಳು: ರೋಗ, ನೂರಕ್ಕೆ ತೊಂಬತ್ತೊಂಬತ್ತು. ಬಿಚ್ಚಿದಳು, ಮತ್ತೆ ಕಟ್ಟಿದಳು. ಅಷ್ಟರಲ್ಲಿ ದೊಡ್ಡಪ್ಪ ಮೇವಿನ ಹೊರೆ ಹೊತ್ತು ಬಂದ.

"ಬಿಚ್ಚೇ! ಬಿಚ್ಚೇ ಅದನ್ನ! ಚೆನ್ನಾಗಿರೋ ಪ್ರಾಣಿಗೆ ಮಣಿ ಕಟ್ಟಿ ಕಾಯಿಲೆನ ಮನೆಗೆ ಕರೀತೀಯಾ? ತಲೆ ಕೆಟ್ಟಿದೆಯಾ ನಿಂಗೆ?"

ಅವಳು ಬಿಚ್ಚಿದಳು. ಅವನಿಗೆ ಏನೂ ವಿವರಿಸಲಿಲ್ಲ. ಆಗಲೇ ವಿವರಿಸಿದ್ದರೆ ಮುಂದಿನದು ಬೇರೆ ಆಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಖಚಿತವಾಗಿ ಹೇಳಲಾರೆ.

ನಾಲ್ಕು ದಿನ ಕೂತು ಅಷ್ಟೂ ಫೋಟೋಗಳಲ್ಲಿ, ಮಣಿ ಇರಲಿ ಇಲ್ಲದಿರಲಿ, ಹಣೆಯ ಮೇಲೆ ಕಪ್ಪು ಬಳಿದು ಯಂತ್ರವನ್ನು ಮೊದಲಿನಿಂದ ಕಲಿಸಿದಳು. ಈ ಸಲ ಬಂದದ್ದು ನೂರಕ್ಕೆ ಐವತ್ತೆಂಟು. ಕಣ್ಣು ಮುಚ್ಚಿ ಹೌದು ಅಲ್ಲ ಎಂದು ಹೇಳಿದರೂ ಐವತ್ತು ಬರುತ್ತದೆ. ಅವಳು ಆ ಪುಟಗಳನ್ನು ಮುದ್ರಿಸಿಕೊಂಡು ಡಾ. ಬಹ್ಜತ್ ಕೊಠಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಅಕ್ಷರ ಬಿಡದೆ ಹೇಳಿದಳು.

ಅವರು ಪುಟಗಳನ್ನು ಎರಡು ಸಲ ನೋಡಿ ಮೇಜಿನ ಮೇಲೆ ಬೋರಲು ಹಾಕಿದರು.

"ಇದನ್ನ ನೋಡು ಅಂತ ನಿಂಗೆ ಯಾರು ಹೇಳಿದ್ದು?"

"ಯಾರೂ ಇಲ್ಲ ಡಾಕ್ಟ್ರೇ. ನಾನೇ..."

"ನೀನೇ! ಲೇಖನ ಅಚ್ಚಾಗಿ ಕೂತಿದೆ. ಅದರಲ್ಲಿ ಡೀನ್ ಹೆಸರಿದೆ. ಈಗ ಹೋಗಿ ಅವರಿಗೆ ಏನಂತ ಹೇಳ್ಲಿ? ನಮ್ಮ ಯಂತ್ರಕ್ಕೆ ರೋಗ ಗೊತ್ತಾಗಲ್ಲ ಸಾರ್, ಮಣಿ ಚೆನ್ನಾಗಿ ಗೊತ್ತಾಗುತ್ತೆ ಅಂತಲಾ?"

"ಗಡುವು ಆರು ತಿಂಗಳು ಮುಂದೂಡೋಕೆ ನೀವೊಂದು ಕಾಗದ ಬರೆದ್ರೆ ಸಾಕು. ಮಣಿ ಬಿಚ್ಚಿಸಿ ಹೊಸ ಫೋಟೋ ತೆಗೀತೀನಿ. ನಡೆದೇ ಹೋಗ್ತೀನಿ ಡಾಕ್ಟ್ರೇ."

"ಬರೆಯಲ್ಲ."

ಅವಳು ನಿಂತೇ ಇದ್ದಳು. ಅವರು ಚಹಾದ ಲೋಟ ಕೆಳಗಿಟ್ಟು ಮೃದುವಾಗಿ ಹೇಳಿದರಂತೆ: "ನೋಡು ಮಗಳೇ. ಹೊರಗಿನಿಂದ ಬರೋ ಪರೀಕ್ಷಕರು ಕೈರೋದವರು. ಅವರು ಹಸು ನೋಡಿರೋದು ತಟ್ಟೆಯಲ್ಲಿ. ಇಪ್ಪತ್ನಾಲ್ಕಕ್ಕೆ ಬಾಯಿ ಮುಚ್ಕೊಂಡು ನಿಂತ್ರೆ ಮಧ್ಯಾಹ್ನಕ್ಕೆ ನಿಂಗೆ ಪದವಿ. ಬಾಯಿ ಬಿಟ್ರೆ ಕರೀಮಾನ್ ಪಕ್ಕದ ಕುರ್ಚಿ. ಅವಳಿಗೂ ಪಾಪ, ಜೊತೆಗೊಬ್ರು ಬೇಕಂತೆ."

ಕರೀಮಾನ್ ವಿದ್ಯಾರ್ಥಿಗಳ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಗುಮಾಸ್ತೆ. ಇಡೀ ಕಾಲೇಜು ಅವಳನ್ನು ಬೈಯುತ್ತಿತ್ತು.

ನಶ್ವಾ ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು. ಪ್ರಬಂಧದಲ್ಲಿ ತೊಂಬತ್ತೆಂಟು ಹಾಗೇ ಉಳಿಯಿತು. ಇದನ್ನೂ ನಾನು ಇಲ್ಲಿ ಬರೆಯಬೇಕು. ಗೊತ್ತಿದ್ದೂ ಅವಳು ಉಳಿಸಿದಳು.

ಪರೀಕ್ಷೆಯ ದಿನ ಹಳ್ಳಿಯಿಂದ ಎರಡು ವ್ಯಾನ್ ಹೊರಟವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಊಟ: ಆರು ಬಾತುಕೋಳಿ, ಗೋಧಿನುಚ್ಚು ತುಂಬಿದ ಮೂವತ್ತು ಪಾರಿವಾಳ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ತುಪ್ಪ ಸುರಿದ ಪದರರೊಟ್ಟಿ. ನಬವಿಯ್ಯಾ ಹೊಸ ಚಪ್ಪಲಿ ಹಾಕಿ ಬಂದಿದ್ದಳು. ದೊಡ್ಡಪ್ಪ ಹಬ್ಬದ ನಿಲುವಂಗಿ ತೊಟ್ಟು ಮೊದಲ ಸಾಲಿನಲ್ಲಿ, ಕುರ್ಚಿಯ ಅಂಚಿನಲ್ಲಿ ಕೂತ. ಪರೀಕ್ಷಕರು ಮೂವರು: ಡಾ. ಬಹ್ಜತ್, ಅದೇ ಕಾಲೇಜಿನ ಇನ್ನೊಬ್ಬರು, ಮತ್ತು ಕೈರೋದಿಂದ ಬಂದ ಮುದುಕರು ಡಾ. ವಜೀಹ್. ಮೂವರೂ ಕಪ್ಪು ನಿಲುವಂಗಿಯಲ್ಲಿದ್ದರು.

ನಶ್ವಾ ಮುಕ್ಕಾಲು ಗಂಟೆ ಮಾತಾಡಿದಳು. ತೊಂಬತ್ತೆಂಟು ಎಂಬ ಅಂಕೆ ಪರದೆಯ ಮೇಲೆ ಬಂದಾಗ ಹೆಂಗಸರು ಮದುವೆಮನೆಯಲ್ಲಿ ಹಾಕುವಂತೆ ನಾಲಿಗೆ ಆಡಿಸಿ ಉಲುಲು ಹಾಕಿದರು. ಡಾ. ಬಹ್ಜತ್ ನಗುತ್ತಾ ಕೈ ಎತ್ತಿ ತಡೆದರು. ಆಮೇಲೆ ಡಾ. ವಜೀಹ್ ಪ್ರಬಂಧ ತೆರೆದರು. ಪ್ರತಿ ಪುಟಕ್ಕೂ ಕಾಗದದ ಗುರುತು ಇಟ್ಟುಕೊಂಡು ಬಂದಿದ್ದರು. ವ್ಯಾಕರಣದ ತಪ್ಪು ಹೇಳಿದರು, ಒಂದು ಕೋಷ್ಟಕದ ತಪ್ಪು ಹೇಳಿದರು. ಅರವತ್ತೊಂದನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು.

"ಈ ಹಸುವಿನ ಹಣೆಯಲ್ಲಿ ಏನಮ್ಮ ಇದು, ನೀಲಿ?"

"ಅಲಂಕಾರ ಡಾಕ್ಟ್ರೇ."

"ಇದಕ್ಕೊಂದಕ್ಕೇನಾ?"

"ಎಲ್ಲಾ ಹಸುಗೂ ಇರುತ್ತೆ."

ಅವರು ತಲೆಯಾಡಿಸಿ ಪುಟ ತಿರುಗಿಸಿದರು. ಅಷ್ಟಕ್ಕೆ ಮುಗಿದಿತ್ತು. ನಶ್ವಾಳ ಭುಜ ಕೆಳಗಿಳಿದದ್ದು ನಮ್ಮ ಸಾಲಿಗೂ ಕಂಡಿತು.

ದೊಡ್ಡಪ್ಪ ಎದ್ದು ನಿಂತ.

ಅವನಿಗೆ ಅನ್ನಿಸಿದ್ದು ಇಷ್ಟೇ: ಮಗಳು ಹೆದರಿ ತಪ್ಪು ಉತ್ತರ ಕೊಟ್ಟಿದ್ದಾಳೆ, ಅಂಕ ಕಳೆಯುತ್ತಾರೆ. ಆ ಇಡೀ ಸಭೆಯಲ್ಲಿ ಅವನಿಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ.

"ಸಾಹೇಬ್ರೇ, ತಪ್ಪು ತಿಳೀಬೇಡಿ. ಮಗಳು ಗಾಬರೀಲಿ ಮರ್ತಿದ್ದಾಳೆ. ಅದು ಅಲಂಕಾರ ಅಲ್ಲ. ದೃಷ್ಟಿಮಣಿ."

ನಶ್ವಾ "ಅಪ್ಪಾ" ಎಂದಳು.

"ಇರಮ್ಮ, ನಾನು ಹೇಳ್ತೀನಿ. ಕಾಯಿಲೆ ಬಿದ್ದ ಹಸುಗೆ ಕಟ್ತೀವಿ ಸಾಹೇಬ್ರೇ."

ಡಾ. ವಜೀಹ್ ಮತ್ತೆ ಅರವತ್ತೊಂದಕ್ಕೆ ತಿರುಗಿಸಿದರು. "ಕಾಯಿಲೆ ಬಿದ್ದಿದ್ದಕ್ಕೆ ಮಾತ್ರನಾ ಯಜಮಾನ್ರೇ?"

"ಅದಕ್ಕೆ ಮಾತ್ರ! ಚೆನ್ನಾಗಿರೋದಕ್ಕೆ ಯಾರು ಕಟ್ತಾರೆ? ಕಟ್ಟಿದ್ರೆ ಕಾಯಿಲೆ ಬರುತ್ತೆ. ಮೊನ್ನೆ ಇವಳೇ ನಮ್ಮ ಹಸುಗೆ ಕಟ್ಟಿ ಫೋನ್ ಹಿಡ್ಕೊಂಡು ನಿಂತಿದ್ಳು, ನಾನೇ ಬೈದು ಬಿಚ್ಚಿಸ್ದೆ."

ಹೇಳಿ ಮುಗಿಸಿ ನಮ್ಮ ಕಡೆ ತಿರುಗಿ ನಕ್ಕ. ಬೆವರು ಒರೆಸಿಕೊಂಡು ಕೂತ. ನಬವಿಯ್ಯಾ ಅವನ ಬೆನ್ನು ತಟ್ಟಿದಳು.

ಡಾ. ವಜೀಹ್ ಒಂದೊಂದೇ ಹಸುವಿನ ಚಿತ್ರ ತೆಗೆದು ನೋಡುತ್ತಾ ಹೋದರು. ಹಿಂದಿನ ಸಾಲಿನಲ್ಲಿ ಕೂತಿದ್ದ, ನಶ್ವಾಳೇ ಪಾಠ ಹೇಳಿದ್ದ ಹುಡುಗರಿಗೆ ಮೊದಲು ಅರ್ಥವಾಯಿತು. ಒಬ್ಬ ಮೂಗಿನಿಂದ ನಕ್ಕ. ಆಮೇಲೆ ಇಬ್ಬರು.

"ಹಾಗಾದ್ರೆ ನಮ್ಮ ಸೋದರಿ ದೃಷ್ಟಿ ತಾಗಿದ್ದನ್ನ ಪತ್ತೆ ಮಾಡೋ ಯಂತ್ರ ಮಾಡಿದ್ದಾಳೆ," ಎಂದರು ಡಾ. ವಜೀಹ್. "ಅಜ್ಜಿಯರಿಗೆ ತುಂಬಾ ಉಪಯೋಗ. ಅಜ್ಜಿಗೆ ನಾಲ್ಕು ಸಾವಿರ ಫೋಟೋನೂ ಬೇಕಿರಲಿಲ್ಲ."

ಈಗ ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕ. ಮಗಳನ್ನು ಹೊಗಳಿದರು ಎಂದುಕೊಂಡ.

ಮುದುಕರು ನಗುವುದನ್ನು ನಿಲ್ಲಿಸಿ ಕೇಳಿದರು: "ಮಣಿ ಕಟ್ಟಿ ಪರೀಕ್ಷೆ ಮಾಡಿದೀಯ ಅಂದ್ಮೇಲೆ ನಿಂಗೆ ಗೊತ್ತಿತ್ತು. ಅಲ್ವಾ?"

ನಶ್ವಾ ಡಾ. ಬಹ್ಜತ್ ಮುಖ ನೋಡಿದಳು. ಅವರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

"ಗೊತ್ತಿತ್ತು," ಎಂದಳು.

"ನಾನು ಮೊದಲೇ ಎಚ್ಚರಿಸಿದ್ದೆ," ಎಂದರು ಡಾ. ಬಹ್ಜತ್, ಮುದುಕರ ಕಡೆ ವಾಲಿ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಇನ್ನಾರು ತಿಂಗಳು ತಗೋ ಮಗಳೇ ಅಂದೆ. ಗಡುವಿನ ಭಯ. ಕೇಳ್ಲಿಲ್ಲ."

ನಶ್ವಾ ಚೀಲಕ್ಕೆ ಕೈ ಹಾಕಿದಳು. ಆ ಮಡಚಿದ ಪುಟಗಳು ಅಲ್ಲೇ ಇದ್ದವು. ಅವುಗಳಲ್ಲಿ ಇದ್ದದ್ದು ಅವಳಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ. ಆರು ತಿಂಗಳು ಕೇಳಿದ್ದು ಅವಳು, ಬರೆಯಲ್ಲ ಎಂದದ್ದು ಅವರು ಎಂಬುದಕ್ಕೆ ಅಲ್ಲ. ಅವಳು ಕೈ ಹಿಂದಕ್ಕೆ ತೆಗೆದಳು.

ಪರೀಕ್ಷಕರು ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಬಂದರು. ಪ್ರಬಂಧವನ್ನು ವಾಪಸು ಕೊಟ್ಟಿದ್ದೇವೆ, ಆರು ತಿಂಗಳಲ್ಲಿ ಪೂರ್ತಿ ಹೊಸದಾಗಿ ಮಾಡಿ ತರಬಹುದು ಎಂದು ಗ್ರಂಥದ ಭಾಷೆಯಲ್ಲಿ ಓದಿದರು. ಆ ಭಾಷೆ ನಮ್ಮ ಹೆಂಗಸರಿಗೆ ಅರ್ಥವಾಗುವುದಿಲ್ಲ. ಓದಿ ಮುಗಿಸಿದ ಕೂಡಲೇ ಅವರು ಮತ್ತೆ ಉಲುಲು ಹಾಕಿದರು. ಯಾರೂ ತಡೆಯಲಿಲ್ಲ.

ಊಟ ಪಕ್ಕದ ಕೊಠಡಿಯಲ್ಲಿ ಬಡಿಸಿಟ್ಟಿತ್ತು. ಪರೀಕ್ಷಕರು ಕಪ್ಪು ನಿಲುವಂಗಿ ಕಳಚಿ ಊಟಕ್ಕೆ ಕೂತರು. ನನಗೆ ಅವರು ಕೂರುವುದಿಲ್ಲ ಎನ್ನಿಸಿತ್ತು. ಡಾ. ವಜೀಹ್ ಎರಡು ಪಾರಿವಾಳ ತಿಂದರು, ಮೂರನೆಯದನ್ನು ಮುರಿದರು. ದೊಡ್ಡಮ್ಮ ಅವರ ಹಿಂದೆ ನಿಂತು ತಟ್ಟೆಗೆ ಬಾತುಕೋಳಿಯ ತೊಡೆ ಹಾಕುತ್ತಿದ್ದಳು.

"ನಿನ್ನ ಕೈ ತಣ್ಣಗಿರಲಿ ತಾಯಿ. ಇಂಥ ನುಚ್ಚು ಕೈರೋದಲ್ಲಿ ಎಲ್ಲಿ ಸಿಗುತ್ತೆ?"

"ತಿನ್ನಿ ಡಾಕ್ಟ್ರೇ, ನಿಮ್ಮದೇ ಮನೆ. ನನ್ನ ಮಗಳು ಡಾಕ್ಟರ್ ಆದ್ಳಾ?"

ಅವರು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು. "ದೇವರಿಚ್ಛೆ ಇದ್ರೆ ಆಗ್ತಾಳೆ. ಬುದ್ಧಿವಂತೆ."

"ಇನ್ನೊಂದು ಹಾಕ್ಲಾ?"

"ಚಿಕ್ಕದು ಹಾಕು."

ಊಟವಾದ ಮೇಲೆ ಅವರ ಕೈಗೆ ನೀರು ಹಾಕಿದ್ದು ನಶ್ವಾ. ಮೂವರಿಗೂ ಹಾಕಿದಳು, ಟವೆಲ್ ಕೊಟ್ಟಳು. ಡಾ. ಬಹ್ಜತ್ ಬೆರಳು ಒರೆಸಿಕೊಳ್ಳುತ್ತಾ, ಉಳಿದ ಪದರರೊಟ್ಟಿಯನ್ನು ಕಟ್ಟಿ ತಮ್ಮ ಕಾರಿನಲ್ಲಿ ಇಡಲು ಹೇಳಿದರು. ಅವಳು ಇಟ್ಟು ಬಂದಳು.

ಗಡುವು ಮುಂದೂಡಲು ಅವಳು ಅರ್ಜಿ ಹಾಕಿದಳು. ಅದಕ್ಕೆ ಮಾರ್ಗದರ್ಶಕರ ಅಭಿಪ್ರಾಯ ಬೇಕಿತ್ತು. ವಿದ್ಯಾರ್ಥಿನಿ ದೋಷವನ್ನು ಬೇಕೆಂದೇ ಮುಚ್ಚಿಟ್ಟಿದ್ದರಿಂದ ಮುಂದೆ ಮಾರ್ಗದರ್ಶನ ಮಾಡಲಾರೆ ಎಂದು ಅವರು ಎರಡು ಸಾಲು ಬರೆದರು. ಬೇರೆ ಯಾರೂ ಅವಳನ್ನು ಒಪ್ಪಿಕೊಳ್ಳಲಿಲ್ಲ. ಪ್ರಯೋಗಾಲಯದ ಬೀಗದ ಕೈ ವಾಪಸು ಕೇಳಿದರು. ಅಕ್ಟೋಬರ್ ಹದಿಮೂರರ ನಂತರ ಒಂದು ಆದೇಶ ಬಂತು. ಅವಳನ್ನು ಹಾಕಿದ್ದು ಕರೀಮಾನ್ ಪಕ್ಕದ ಕುರ್ಚಿಗೇ.

ದೊಡ್ಡಪ್ಪನಿಗೆ ಎರಡು ತಿಂಗಳು ಏನೂ ಗೊತ್ತಿರಲಿಲ್ಲ. ಕಾಫಿಯಂಗಡಿಯಲ್ಲಿ ಕೂತು, ಕೈರೋದ ದೊಡ್ಡ ಡಾಕ್ಟರಿಗೆ ತಾನು ಉತ್ತರ ಹೇಳಿಕೊಟ್ಟ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಆರು ತಿಂಗಳಾದ ಮೇಲೆ ಪದವಿ ಕೊಡುತ್ತಾರೆ ಎಂದು ಅವನಿಗೆ ನಾವೇ ಹೇಳಿದ್ದೆವು. ಹಳ್ಳಿಯ ಹುಡುಗರು ನಶ್ವಾ ಬಸ್ಸಿಳಿದು ಬರುವಾಗ "ಮಣಿ ಡಾಕ್ಟರ್ ಬಂದ್ಳು, ಹಣೆ ತೋರ್ಸ್ರೋ" ಎಂದು ಕೂಗುತ್ತಿದ್ದರು. ಒಂದು ಸಂಜೆ ದೊಡ್ಡಪ್ಪ ಊಟಕ್ಕೆ ಕೂತು, ಮತ್ತೆ ಆ ಕಥೆಯನ್ನೇ ನನ್ನ ಅಪ್ಪನಿಗೆ ಹೇಳತೊಡಗಿದ. ನಾವೆಲ್ಲ ಒಂದೇ ತಟ್ಟೆಯ ಸುತ್ತ ಕೂತಿದ್ದೆವು.

"ನೀನು ಕೂತಿದ್ದಿದ್ರೆ ನಾನು ಪಾಸಾಗ್ತಿದ್ದೆ," ಎಂದಳು ನಶ್ವಾ.

ಅವನು ತುತ್ತು ಹಿಡಿದುಕೊಂಡೇ ನೋಡಿದ.

"ಅವರು ಪುಟ ತಿರುಗಿಸಿಬಿಟ್ಟಿದ್ರು ಅಪ್ಪ. ನೀನು ಎದ್ದೆ. ಇಪ್ಪತ್ತು ವರ್ಷ ನಾನು ಓದಿದ್ದನ್ನ ನೀನು ಎರಡು ಮಾತಲ್ಲಿ ಮುಗಿಸ್ದೆ. ಈಗ ಅದನ್ನೇ ಕಾಫಿಯಂಗಡೀಲಿ ಮಾರ್ತಿದ್ದೀಯ."

"ಬಿಡೇ," ಎಂದಳು ದೊಡ್ಡಮ್ಮ.

"ಯಾಕೆ ಬಿಡ್ಲಿ? ಹೇಳ್ಲಿ, ಕಥೆ ಪೂರ್ತಿ ಹೇಳ್ಲಿ. ಎಲ್ಲಾ ನಗ್ತಿರೋದು ಯಾಕೆ ಅಂತ ಅವನಿಗೆ ಗೊತ್ತಾಗ್ಲಿ."

ಅವಳು ಮಣಿಯ ವಿಷಯವನ್ನು ಮೊದಲಿನಿಂದ, ಪಾಠ ಹೇಳುವಂತೆ ನಿಧಾನವಾಗಿ, ಅವನಿಗೆ ಅರ್ಥವಾಗುವ ತನಕ ವಿವರಿಸಿದಳು. ಅರ್ಥವಾಯಿತಾ ಎಂದು ನಡುನಡುವೆ ಕೇಳಿದಳು. ಅವನು ಆಯಿತು ಎಂದು ತಲೆಯಾಡಿಸುತ್ತಿದ್ದ. ಕೊನೆಗೆ ತುತ್ತನ್ನು ತಟ್ಟೆಯ ಅಂಚಿನಲ್ಲಿಟ್ಟು ಎದ್ದು ಕೊಟ್ಟಿಗೆಗೆ ಹೋದ. ಅಂದಿನಿಂದ ಅವನ ಊಟವನ್ನು ಅಲ್ಲಿಗೇ ಒಯ್ಯುತ್ತಾರೆ.

ಹೋದ ಫೆಬ್ರವರಿಯಲ್ಲಿ ದೊಡ್ಡಮ್ಮನ ಔಷಧಿಗೆಂದು ನಾನು ಪಟ್ಟಣಕ್ಕೆ ಹೋದೆ. ನಶ್ವಾಳಿಗೂ ಬುತ್ತಿ ಒಯ್ದಿದ್ದೆ. ಕಿಟಕಿಯ ಮುಂದೆ ಸಾಲಿತ್ತು. ನಾನು ಒಳಗಿನ ಬಾಗಿಲಿಂದ ಹೋಗಿ ಅವಳ ಹಿಂದಿನ ಸ್ಟೂಲಿನ ಮೇಲೆ ಕೂತೆ. ಕರೀಮಾನ್ ರಜೆಯಲ್ಲಿದ್ದಳು. ನಶ್ವಾ ಮುಖ ಎತ್ತದೆ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದಳು. ಸಾಲಿನ ಕೊನೆಗೆ ಒಬ್ಬ ಹುಡುಗಿ ಉಳಿದಳು. ಬೂಟಿಗೆ ಕಾಲುವೆ ದಂಡೆಯ ಕೆಸರು ಅಂಟಿತ್ತು. ಸ್ನಾತಕೋತ್ತರ ಪದವಿಗೆ ಹೆಸರು ನೋಂದಾಯಿಸಲು ಬಂದಿದ್ದಳು. ವಿಷಯದ ಜಾಗದಲ್ಲಿ ಕೃತಕ ಬುದ್ಧಿಮತ್ತೆ ಎಂದು ಬರೆದಿತ್ತು. ನಾನು ಕೂತಲ್ಲಿಂದ ಓದಿದೆ.

ನಶ್ವಾ ಕಾಗದಗಳನ್ನು ಎಣಿಸಿದಳು. "ಜನನಪತ್ರದ ಇನ್ನೊಂದು ಪ್ರತಿ ಬೇಕು."

"ಎದುರಿನ ಅಂಗಡೀಲೇ ಪ್ರತಿ ತೆಗೆಸ್ಕೊಂಡು ಬರ್ತೀನಿ ಮೇಡಂ. ಐದೇ ನಿಮಿಷ."

"ನಾಳೆ ತಗೊಂಡ್ಬಾ."

"ನೋಂದಣಿಗೆ ಇವತ್ತೇ ಕೊನೆ ದಿನ ಮೇಡಂ. ಇನ್ನೂ ಇಪ್ಪತ್ತು ನಿಮಿಷ ಇದೆ. ಇವತ್ತು ಬಿಟ್ರೆ ಒಂದು ವರ್ಷ ಕಾಯ್ಬೇಕು."

ನಶ್ವಾ ಗೋಡೆಯ ಗಡಿಯಾರ ನೋಡಿದಳು. ಕಿಟಕಿ ಮುಚ್ಚುವುದು ಎರಡಕ್ಕೆ, ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಕಾಗದಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಕ್ಲಿಪ್ ಹಾಕಿ ಹುಡುಗಿಯ ಕಡೆ ತಳ್ಳಿ ಕಿಟಕಿಯ ಬಾಗಿಲು ಎಳೆದಳು. ಹುಡುಗಿ ಗಾಜಿನ ಮೇಲೆ ಎರಡು ಸಲ ಬಡಿದಳು. ಆಮೇಲೆ ಮೆಟ್ಟಿಲಿಳಿದು ಓಡಿಹೋಗುವ ಸದ್ದು ಕೇಳಿಸಿತು.

"ಏನು ತಂದಿದ್ದೀಯೇ?" ಎಂದು ನಶ್ವಾ ನನ್ನ ಕಡೆ ಕುರ್ಚಿ ತಿರುಗಿಸಿದಳು.

ನಾನು ಮೇಜಿನ ಮೇಲೆ ಬಟ್ಟೆ ಹಾಸಿ ರೊಟ್ಟಿ, ಗಿಣ್ಣು, ಉಪ್ಪಿನಲ್ಲಿ ಹಾಕಿದ ಟರ್ನಿಪ್ ಇಟ್ಟೆ. ತಿನ್ನತೊಡಗಿದೆವು. ಎರಡಕ್ಕೆ ಎಂಟು ನಿಮಿಷ ಇರುವಾಗ ಗಾಜಿನ ಮೇಲೆ ಮತ್ತೆ ಬಡಿದ ಸದ್ದು. "ತಂದಿದ್ದೀನಿ ಮೇಡಂ" ಎಂದು ಹುಡುಗಿ ಏದುಸಿರಿನಲ್ಲಿ ಹೇಳುವುದು ಕೇಳುತ್ತಿತ್ತು. ನಾನು ನಶ್ವಾಳನ್ನು ನೋಡಿದೆ. ಅವಳು ಟರ್ನಿಪ್ಪಿನ ತುಂಡು ಆರಿಸಿ ಬಾಯಿಗೆ ಹಾಕಿಕೊಂಡಳು. ಗಾಜಿನ ಮೇಲಿನ ಬಡಿತ ನಿಲ್ಲುವ ತನಕ ನಿಧಾನವಾಗಿ ಅಗಿದಳು. ನಾನು ಎದ್ದು ಕಿಟಕಿ ತೆರೆಯಬಹುದಿತ್ತು. ತೆರೆಯಲಿಲ್ಲ.